ಕೈಗೆ ಕೊಟ್ಟ ಕಾಗದ: ಬ್ರೌನ್ಸ್‌ವಿಲ್‌ನ 167 ಸೈನಿಕರು

ಸೈನ್ಯ ಬಿಟ್ಟು ಬರುವ ಸಿಪಾಯಿಯ ಕೈಗೆ ಒಂದು ಕಾಗದ ಕೊಡುತ್ತಾರೆ. ಡಿಸ್ಚಾರ್ಜ್ ಪತ್ರ. ಊರಿಗೆ ಬಂದು ಎಲ್ಲಾದರೂ ಕೆಲಸ ಕೇಳಿದರೆ ಮೊದಲು ಅದನ್ನೇ ತೋರಿಸಬೇಕು. 1906ರ ಅಮೆರಿಕದಲ್ಲಿ ಈ ಕಾಗದ ಮೂರು ಬಗೆಯದಿತ್ತು. ಒಂದು, ಗೌರವದಿಂದ ಬಿಡುಗಡೆ. ಇನ್ನೊಂದು, ಅಗೌರವದ ಬಿಡುಗಡೆ. ಅದನ್ನು ಕೊಡಬೇಕಾದರೆ ಕೋರ್ಟ್ ಮಾರ್ಷಲ್ ನಡೆಸಿ ತಪ್ಪು ಸಾಬೀತು ಮಾಡಬೇಕು. ಇವೆರಡರ ಮಧ್ಯೆ ಮೂರನೆಯದೊಂದಿತ್ತು: ‘ಗೌರವವಿಲ್ಲದೆ ಬಿಡುಗಡೆ’. ಇದಕ್ಕೆ ವಿಚಾರಣೆ ಬೇಡ, ಸಾಕ್ಷಿ ಬೇಡ, ವಕೀಲರೂ ಬೇಡ. ಮೇಲಿನವರ ಒಂದು ಆದೇಶ ಸಾಕು.

ಕೇಳೋಕೆ ಅಗೌರವಕ್ಕಿಂತ ಇದೇ ಸ್ವಲ್ಪ ಮೃದು ಅನಿಸುತ್ತದೆ, ಅಲ್ವಾ? ಈ ಮೃದುವಾದ ಕಾಗದವನ್ನೇ ಹಿಡಿಸಿ, ಒಂದೇ ಏಟಿಗೆ 167 ಕಪ್ಪು ಸೈನಿಕರನ್ನು ಹೊರಗೆ ಕಳಿಸಿದರು. ಕಳಿಸಿದವರು ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್. ಅದನ್ನು ತಿದ್ದಲು ಆ ದೇಶಕ್ಕೆ 66 ವರ್ಷ ಬೇಕಾಯಿತು.

ಹದಿನಾರು ದಿನ

ಅಮೆರಿಕದ ಸೇನೆಯಲ್ಲಿ ಆಗ ಕಪ್ಪು ಸೈನಿಕರಿಗೆ ಬೇರೆಯದೇ ರೆಜಿಮೆಂಟುಗಳು. ಸಿಪಾಯಿಗಳು ಕಪ್ಪು ಜನ, ಅಧಿಕಾರಿಗಳು ಬಿಳಿಯರು. 25ನೇ ಇನ್‌ಫೆಂಟ್ರಿ ಅಂಥದ್ದೊಂದು. ಕ್ಯೂಬಾದಲ್ಲಿ, ಫಿಲಿಪೀನ್ಸ್‌ನಲ್ಲಿ ಹೋರಾಡಿ ಬಂದ ಪಡೆ. 1906ರ ಜುಲೈ 28ರಂದು ಅದರ ಮೊದಲ ಬೆಟಾಲಿಯನ್‌ನ ಬಿ, ಸಿ, ಡಿ ಕಂಪನಿಗಳು ನೆಬ್ರಾಸ್ಕಾದ ಫೋರ್ಟ್ ನಯೊಬ್ರಾರಾದಿಂದ ಟೆಕ್ಸಾಸ್‌ನ ಬ್ರೌನ್ಸ್‌ವಿಲ್‌ಗೆ ಬಂದಿಳಿದವು. ರಿಯೋ ಗ್ರಾಂಡೆ ನದಿಯ ದಡದ ಊರು. ನದಿ ದಾಟಿದರೆ ಮೆಕ್ಸಿಕೋ. ಫೋರ್ಟ್ ಬ್ರೌನ್ ಅನ್ನುವ ಸೈನ್ಯದ ಠಾಣೆ ಊರಿಗೆ ಅಂಟಿಕೊಂಡೇ ಇತ್ತು, ನಡುವೆ ಒಂದು ಗೋಡೆ, ಒಂದು ರಸ್ತೆ ಅಷ್ಟೇ.

ಊರಿನವರಿಗೆ ಇವರು ಬರುವುದು ಇಷ್ಟವಿರಲಿಲ್ಲ. ಬಾರುಗಳಲ್ಲಿ ಇವರಿಗೆ ಜಾಗವಿಲ್ಲ ಅಂದರು. ಒಂದು ಸಂಜೆ ಜೇಮ್ಸ್ ನ್ಯೂಟನ್ ಅನ್ನುವ ಸಿಪಾಯಿ ಬೀದಿಯಲ್ಲಿ ನಡೆದು ಹೋಗುತ್ತಿದ್ದ. ಬಿಳಿಯ ಹೆಂಗಸರು ನಿಂತಿದ್ದಾಗ ಫುಟ್‌ಪಾತ್ ಬಿಟ್ಟು ಇಳಿಯಲಿಲ್ಲ ಅಂತ ಕಸ್ಟಮ್ಸ್‌ನ ಅಧಿಕಾರಿಯೊಬ್ಬ ಪಿಸ್ತೂಲಿನ ಹಿಡಿಯಿಂದ ತಲೆಗೆ ಬಾರಿಸಿ ಕೆಡವಿದ. ಇನ್ನೊಬ್ಬ ಸಿಪಾಯಿಯನ್ನು ನದಿ ದಂಡೆಯ ನೀರಿಗೆ ತಳ್ಳಿದರು. ಆಗಸ್ಟ್ 12ರ ರಾತ್ರಿ ಒಬ್ಬ ಬಿಳಿಯ ಹೆಂಗಸಿನ ಮೇಲೆ ಕಪ್ಪು ಸೈನಿಕ ಕೈ ಹಾಕಿದ ಅನ್ನುವ ಸುದ್ದಿ ಹಬ್ಬಿತು. ಮರುದಿನ ಮೇಯರ್ ಫ್ರೆಡ್ರಿಕ್ ಕೂಂಬ್ ಠಾಣೆಗೆ ಬಂದು, ನಿಮ್ಮ ಹುಡುಗರನ್ನು ಇವತ್ತು ಹೊರಗೆ ಬಿಡಬೇಡಿ ಅಂತ ಎಚ್ಚರಿಸಿದರು. ಠಾಣೆಯ ಮುಖ್ಯಸ್ಥ ಮೇಜರ್ ಚಾರ್ಲ್ಸ್ ಪೆನ್‌ರೋಸ್ ರಾತ್ರಿ ಎಂಟಕ್ಕೆಲ್ಲ ಎಲ್ಲರೂ ಒಳಗಿರಬೇಕು ಅಂತ ಹುಕುಂ ಮಾಡಿದರು.

ನಡುರಾತ್ರಿಯ ಹೊತ್ತಿಗೆ ಗುಂಡಿನ ಸದ್ದು. ಸುಮಾರು ಹತ್ತು ನಿಮಿಷ. ಫ್ರಾಂಕ್ ನೇಟಸ್ ಅನ್ನುವ ಬಾರಿನ ಕೆಲಸಗಾರ ಸತ್ತ. ಡೊಮಿಂಗೆಜ್ ಅನ್ನುವ ಪೊಲೀಸ್ ಅಧಿಕಾರಿಗೆ ಗುಂಡು ತಾಗಿ ಕೈ ಕತ್ತರಿಸಬೇಕಾಯಿತು. ಅವರು ಕೂತಿದ್ದ ಕುದುರೆ ಅಲ್ಲೇ ಸತ್ತುಬಿತ್ತು.

ಠಾಣೆಯೊಳಗೆ ಆಗ ಏನು ನಡೆಯಿತು ಅನ್ನುವುದು ಮುಖ್ಯ. ಸದ್ದು ಕೇಳಿದ ಕಾವಲಿನವನು ಎಚ್ಚರಿಕೆಗೆ ಗುಂಡು ಹಾರಿಸಿದ. ಊರಿನವರೇ ನಮ್ಮ ಮೇಲೆ ಏರಿ ಬಂದರು ಅಂದುಕೊಂಡು ಪೆನ್‌ರೋಸ್ ಕಹಳೆ ಊದಿಸಿದರು. ಬಂದೂಕುಗಳು ಬೀಗ ಹಾಕಿದ ಸ್ಟ್ಯಾಂಡ್‌ಗಳಲ್ಲಿದ್ದವು. ಒಂದು ಕಂಪನಿಯಲ್ಲಂತೂ ಬೀಗ ತೆಗೆಯಲಾಗದೆ ಒಡೆದು ಬಂದೂಕು ಹೊರತೆಗೆದರು. ಹಾಜರಿ ಕರೆದರು. ಇರಬೇಕಾದವರೆಲ್ಲ ಇದ್ದರು. ಬೆಳಗಾಗುತ್ತಲೇ ಒಂದೊಂದೇ ಬಂದೂಕಿನ ನಳಿಗೆ ನೋಡಿದರು. ಗುಂಡು ಹಾರಿಸಿದ ಮಸಿ ಇರಲಿಲ್ಲ.

ಅಷ್ಟರಲ್ಲಿ ಮೇಯರ್ ಒಂದು ಹಿಡಿ ಖಾಲಿ ಶೆಲ್ (ಗುಂಡು ಹಾರಿದ ಮೇಲೆ ಉಳಿಯುವ ಲೋಹದ ಕೊಳವೆ) ತಂದು ಮುಂದಿಟ್ಟರು. ಬೀದಿಯಲ್ಲಿ ಹೆಕ್ಕಿದ್ದು. ಸೈನ್ಯದ ಹೊಸ ಸ್ಪ್ರಿಂಗ್‌ಫೀಲ್ಡ್ ಬಂದೂಕಿನವು. ಅದನ್ನು ನೋಡಿದ ಮೇಲೆ ಪೆನ್‌ರೋಸ್‌ಗೂ ತಮ್ಮ ಜನರ ಮೇಲಿನ ನಂಬಿಕೆ ಅಲುಗಾಡಿತು.

ಒಂದು ಗೇಣು ಜಾಗ

ಇಡೀ ಪ್ರಕರಣ ನಿಂತಿದ್ದು ಎರಡರ ಮೇಲೆ. ಕತ್ತಲಲ್ಲಿ ನೋಡಿದೆವು ಅಂದ ಊರಿನವರ ಮಾತು, ಮತ್ತೆ ಈ ಶೆಲ್‌ಗಳು.

ಮೊದಲನೆಯದಕ್ಕೆ ನಾನು ಜಾಸ್ತಿ ಹೊತ್ತು ಕೊಡುವುದಿಲ್ಲ. ಅವತ್ತು ರಾತ್ರಿ ಕತ್ತಲು. ಆದರೂ ಕೆಲವರು ಬಂದೂಕಿನ ಬೆಂಕಿಯ ಬೆಳಕಿನಲ್ಲೇ ಸೈನಿಕರ ಮುಖ ಕಂಡಿತು, ಬಟ್ಟೆ ಕಂಡಿತು ಅಂದರು. ಆಮೇಲೆ ಸೇನೆಯ ಅಧಿಕಾರಿಗಳೇ ರಾತ್ರಿ ಹೊತ್ತು ಗುಂಡು ಹಾರಿಸಿ ಪರೀಕ್ಷೆ ಮಾಡಿದರು. ಆ ಮಿಂಚಿನಲ್ಲಿ ಹಾರಿಸಿದವರ ಬಣ್ಣ ಯಾವುದು ಅಂತ ಹೇಳಲು ಆಗಲಿಲ್ಲ.

ಶೆಲ್‌ಗಳ ಕಥೆ ಬೇರೆ. ಅದನ್ನು ಹತ್ತಿರದಿಂದ ನೋಡಬೇಕು. ಕ್ಯಾಪ್ಟನ್ ಎಡ್ಗರ್ ಮ್ಯಾಕ್ಲಿನ್ ಬೆಳಕು ಹರಿದ ಮೇಲೆ ಠಾಣೆಯ ಗೋಡೆಯಾಚೆ ಹುಡುಕಲು ಹೋದರು. ಓಣಿಯ ಬಾಯಲ್ಲಿ ಹತ್ತಿಂಚು ಅಗಲದ, ಅಂದರೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಜಾಗದಲ್ಲಿ ಏಳು ಖಾಲಿ ಶೆಲ್, ಗುಂಡುಗಳನ್ನು ಸಾಲಾಗಿ ಹಿಡಿದಿಡುವ ಆರು ಕ್ಲಿಪ್ ಸಿಕ್ಕವು. ಆ ಬಂದೂಕು ಹೇಗೆ ಕೆಲಸ ಮಾಡುತ್ತೆ ಅಂದರೆ, ಒಂದು ಗುಂಡು ಹಾರಿಸಿ ಬೋಲ್ಟ್ ಹಿಂದಕ್ಕೆ ಎಳೆದಾಗ ಖಾಲಿ ಶೆಲ್ ಪಕ್ಕಕ್ಕೆ ಚಿಮ್ಮಿ ಅಡಿಗಟ್ಟಲೆ ದೂರ ಬೀಳುತ್ತದೆ. ಓಡುತ್ತಾ ಹಾರಿಸಿದರೆ ಇನ್ನೂ ಚೆಲ್ಲಾಪಿಲ್ಲಿ. ಏಳೂ ಬಂದು ಒಂದೇ ಕಡೆ ಗುಡ್ಡೆ ಬೀಳುವುದು ಹೇಗೆ? ಇನ್ನೊಂದು ಲೆಕ್ಕ. ಒಂದು ಕ್ಲಿಪ್‌ಗೆ ಐದು ಗುಂಡು. ಆರು ಕ್ಲಿಪ್ ಅಂದರೆ ಮೂವತ್ತು. ಅಲ್ಲಿ ಇದ್ದದ್ದು ಏಳು. ಯಾರೋ ಜೇಬಿನಿಂದ ತೆಗೆದು ಸುರಿದ ಹಾಗಿದೆ.

ಮುಂದೆ ಸೇನೆಯ ಆಯುಧ ಪರೀಕ್ಷಕರು ಈ ಶೆಲ್‌ಗಳನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟರು. ಬಂದೂಕಿನ ಪಿನ್ ಶೆಲ್‌ನ ಹಿಂಭಾಗಕ್ಕೆ ಬಡಿದಾಗ ಬೀಳುವ ಗುರುತು ಬಂದೂಕಿನಿಂದ ಬಂದೂಕಿಗೆ ಬೇರೆ. ಆ ವಿದ್ಯೆಯನ್ನು ಅಮೆರಿಕದಲ್ಲಿ ಹೀಗೆ ಬಳಸಿದ ಮೊದಲ ಸಂದರ್ಭಗಳಲ್ಲಿ ಇದೂ ಒಂದು. ಶೆಲ್‌ಗಳು ಬಿ ಕಂಪನಿಯ ನಾಲ್ಕು ಬಂದೂಕುಗಳಿಂದ ಬಂದವು ಅಂತ ವರದಿ ಬಂತು. ಸಿಕ್ಕಿಬಿದ್ದರು ಅಂತ ಎಲ್ಲರೂ ಅಂದುಕೊಂಡರು.

ಆದರೆ ಆ ನಾಲ್ಕರಲ್ಲಿ ಒಂದು ಬಂದೂಕು ಅವತ್ತು ರಾತ್ರಿ ಉಗ್ರಾಣದ ಪೆಟ್ಟಿಗೆಯಲ್ಲಿ ಬೀಗದೊಳಗಿತ್ತು. ಅದರ ಯಜಮಾನ ರಜೆಯ ಮೇಲಿದ್ದ. ಕೆಲವು ಶೆಲ್‌ಗಳ ಮೇಲೆ ಬಂದೂಕಿಗೆ ಎರಡೆರಡು ಸಲ ತುರುಕಿದ ಗುರುತಿತ್ತು; ಗುರಿ ಅಭ್ಯಾಸದಲ್ಲಿ ಗುಂಡು ಹಾರದೆ ಮತ್ತೆ ಹಾಕಿದಾಗ ಹಾಗಾಗುತ್ತದೆ. ನೆಬ್ರಾಸ್ಕಾದಲ್ಲಿ ಅಭ್ಯಾಸ ಮಾಡಿದ ಖಾಲಿ ಶೆಲ್‌ಗಳನ್ನು ಬಿ ಕಂಪನಿಯವರು ಪೆಟ್ಟಿಗೆಯಲ್ಲಿ ತುಂಬಿಕೊಂಡು ಬ್ರೌನ್ಸ್‌ವಿಲ್‌ಗೆ ತಂದಿದ್ದರು. ಆ ಪೆಟ್ಟಿಗೆ ಬ್ಯಾರಕ್‌ನ ಜಗಲಿ ಮೇಲೆ ಬಾಯಿ ತೆರೆದು ಬಿದ್ದಿತ್ತು. ದಾರಿಹೋಕರು ಯಾರು ಬೇಕಾದರೂ ಒಂದು ಹಿಡಿ ತೆಗೆದುಕೊಂಡು ಹೋಗಬಹುದಿತ್ತು.

ಇದರಿಂದ ಊರಿನವರೇ ಮಾಡಿದ್ದು ಅಂತ ಸಾಬೀತಾಗುವುದಿಲ್ಲ. ಯಾರು ಮಾಡಿದ್ದು ಅಂತ ಇವತ್ತಿಗೂ ಸಾಬೀತಾಗಿಲ್ಲ. ಆದರೆ ಒಂದು ಮಾಮೂಲಿ ಕೋರ್ಟಿನಲ್ಲಿ ಒಬ್ಬ ಮಾಮೂಲಿ ವಕೀಲ ಇಷ್ಟನ್ನು ಮುಂದಿಟ್ಟಿದ್ದರೆ ಕೇಸು ಅಲ್ಲೇ ಬಿದ್ದುಹೋಗುತ್ತಿತ್ತು. ಹನ್ನೆರಡು ಸೈನಿಕರನ್ನು ಹಿಡಿದು ಸೆರೆಯಲ್ಲಿಟ್ಟಿದ್ದರು. ಅದೇ ಟೆಕ್ಸಾಸ್‌ನ, ಅದೇ ಜಿಲ್ಲೆಯ ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸಬಹುದೇ ಅಂತ ನಿರ್ಧರಿಸುವ ಸಾಮಾನ್ಯ ಜನರ ಮಂಡಳಿ) ಕೂತು, ಇವರ ಮೇಲೆ ಆರೋಪ ಹೊರಿಸಲು ಏನೂ ಇಲ್ಲ ಅಂತ ಎದ್ದುಹೋಯಿತು.

ಬಾಯಿ ಬಿಡದಿದ್ದದ್ದೇ ತಪ್ಪು

ಕೋರ್ಟಿನಲ್ಲಿ ಆಗದ್ದು ಕಚೇರಿಯಲ್ಲಿ ಆಯಿತು. ಸೇನೆಯ ಇನ್‌ಸ್ಪೆಕ್ಟರ್ ಜನರಲ್ ಅರ್ನೆಸ್ಟ್ ಗಾರ್ಲಿಂಗ್‌ಟನ್ ಅವರನ್ನು ರೂಸ್ವೆಲ್ಟ್ ಕಳಿಸಿದರು. ಅವರು ತಂದ ಮಾತು ಸರಳವಾಗಿತ್ತು: ಗುಂಡು ಹಾರಿಸಿದವರ ಹೆಸರು ಹೇಳಿ, ಇಲ್ಲವಾದರೆ ಎಲ್ಲರನ್ನೂ ಮನೆಗೆ ಕಳಿಸುತ್ತೇವೆ. ಒಬ್ಬೊಬ್ಬರನ್ನೇ ಕರೆದು ಕೇಳಿದರು. ಗೊತ್ತಿಲ್ಲ ಅಂದರು. ಎಲ್ಲರೂ ಅದನ್ನೇ ಅಂದರು. ಎಲ್ಲರೂ ಒಂದೇ ಮಾತು ಹೇಳುತ್ತಿದ್ದಾರೆ ಅಂದರೆ ಇದು ಬಾಯಿ ಮುಚ್ಚಿಕೊಳ್ಳುವ ಒಳಸಂಚು ಅಂತ ಗಾರ್ಲಿಂಗ್‌ಟನ್ ಬರೆದರು.

ನನ್ನನ್ನು ಜಾಸ್ತಿ ಕಾಡುವುದು ಈ ಜಾಗ. ನಿಜವಾಗಿಯೂ ಏನೂ ಗೊತ್ತಿಲ್ಲದವನು ಇಲ್ಲಿ ಏನು ಹೇಳಬೇಕಿತ್ತು? ಗೊತ್ತಿಲ್ಲ ಅಂದರೆ ಸಂಚು. ಯಾರದೋ ಹೆಸರು ಹೇಳಿದರೆ ಬಚಾವು, ಆದರೆ ಅದು ಸುಳ್ಳು. ತಪ್ಪಿಲ್ಲದವನಿಗೆ ಆಡಲು ಒಂದು ಮಾತನ್ನೂ ಉಳಿಸಿರಲಿಲ್ಲ. ಶಾಲೆಯಲ್ಲಿ ಮೇಷ್ಟ್ರು ಇಡೀ ತರಗತಿಯನ್ನು ಬೆಂಚಿನ ಮೇಲೆ ನಿಲ್ಲಿಸಿ ಯಾರು ಮಾಡಿದ್ದು ಹೇಳಿ ಅಂತಾರಲ್ಲ, ಅದೇ ಲೆಕ್ಕ. ಇಲ್ಲಿ ಬೆಂಚಿನ ಮೇಲೆ ನಿಂತವರಲ್ಲಿ 25 ವರ್ಷ ಸೇವೆ ಮಾಡಿದವರೂ ಇದ್ದರು.

ಅವರ ಹೆಸರು ಮಿಂಗೊ ಸ್ಯಾಂಡರ್ಸ್. ಬಿ ಕಂಪನಿಯ ಫಸ್ಟ್ ಸಾರ್ಜೆಂಟ್. 1881ರಲ್ಲಿ ಸೇರಿದವರು. ನಿವೃತ್ತಿ ಹತ್ತಿರ ಬಂದಿತ್ತು, ಪಿಂಚಣಿ ಕೈಗೆ ಬರುವುದಿತ್ತು. 1898ರಲ್ಲಿ ಕ್ಯೂಬಾದಲ್ಲಿ ಇವರ ಕಂಪನಿಯ ಪಕ್ಕದಲ್ಲೇ ರೂಸ್ವೆಲ್ಟ್ ಅವರ ಪಡೆಯೂ ಇತ್ತು. ರೂಸ್ವೆಲ್ಟ್ ಆಗ ಬರೀ ಕರ್ನಲ್. ಅವರ ಜನರಿಗೆ ತಿನ್ನಲು ಇಲ್ಲದಾಗ ರೂಸ್ವೆಲ್ಟ್ ಬಂದು ಕೇಳಿದರು, ಸ್ಯಾಂಡರ್ಸ್ ಅವರ ಜನ ತಮ್ಮ ಪಾಲಿನ ಒಣ ಬಿಸ್ಕತ್ತು ಹಂಚಿಕೊಟ್ಟರು. ಎಂಟು ವರ್ಷದ ನಂತರ ಆ ಬಿಸ್ಕತ್ತು ತಿಂದವರ ಸಹಿಯೇ ಸ್ಯಾಂಡರ್ಸ್‌ಗೆ ಪಿಂಚಣಿ ಇಲ್ಲದಂತೆ ಮಾಡಿತು.

ಆದೇಶದ ದಿನಾಂಕ ನೋಡಿ. ರೂಸ್ವೆಲ್ಟ್ ಅದನ್ನು ಹೊರಡಿಸಿದ್ದು 1906ರ ನವೆಂಬರ್ 5. ಮರುದಿನ ದೇಶದಲ್ಲಿ ಚುನಾವಣೆ. ಆಗ ಉತ್ತರದ ರಾಜ್ಯಗಳ ಕಪ್ಪು ಮತದಾರರು ರೂಸ್ವೆಲ್ಟ್ ಅವರ ರಿಪಬ್ಲಿಕನ್ ಪಕ್ಷಕ್ಕೇ ಓಟು ಹಾಕುತ್ತಿದ್ದರು. ಸಿನ್ಸಿನಾಟಿಯಲ್ಲಿ ಅಧ್ಯಕ್ಷರ ಅಳಿಯ ನಿಕೋಲಸ್ ಲಾಂಗ್‌ವರ್ತ್ ಕಣದಲ್ಲಿದ್ದರು. ಸುದ್ದಿ ಹೊರಬಿದ್ದದ್ದು ಓಟು ಮುಗಿದ ಮೇಲೆ. ಕಪ್ಪು ಜನರ ನಾಯಕರಲ್ಲಿ ಅಧ್ಯಕ್ಷರಿಗೆ ಹತ್ತಿರದವರಾಗಿದ್ದ ಬುಕರ್ ಟಿ. ವಾಷಿಂಗ್ಟನ್ ಬೇಡ ಅಂತ ಮೊದಲೇ ಕೇಳಿಕೊಂಡಿದ್ದರು. ಪ್ರಯೋಜನವಾಗಲಿಲ್ಲ.

ಮೇರಿ ಚರ್ಚ್ ಟೆರೆಲ್ ಅನ್ನುವ ಕಪ್ಪು ಮಹಿಳೆ ಯುದ್ಧ ಮಂತ್ರಿ ವಿಲಿಯಂ ಟಾಫ್ಟ್ ಅವರ ಕಚೇರಿಯ ಮುಂದೆ ಕೂತು, ಭೇಟಿ ಮಾಡಿಯೇ ಎದ್ದರು. ಅಧ್ಯಕ್ಷರು ಪನಾಮಾ ಪ್ರವಾಸದಲ್ಲಿದ್ದರು, ಅವರು ಬರುವವರೆಗಾದರೂ ಆದೇಶ ತಡೆಹಿಡಿಯಿರಿ ಅಂತ ಕೇಳಿದರು. ಟಾಫ್ಟ್ ಒಪ್ಪಿ ತಡೆದರು. ಕೆಲವೇ ದಿನ. ರೂಸ್ವೆಲ್ಟ್ ಜಗ್ಗಲಿಲ್ಲ. ಸೈನಿಕರನ್ನು ಆಗಲೇ ಒಕ್ಲಹೋಮಾದ ಫೋರ್ಟ್ ರೀನೋಗೆ ಸಾಗಿಸಿದ್ದರು; ಅಲ್ಲಿ ನವೆಂಬರ್ ಮುಗಿಯುವುದರೊಳಗೆ ಒಬ್ಬೊಬ್ಬರಿಂದಲೇ ಬಂದೂಕು ವಾಪಸ್ ಪಡೆದು, ಸಮವಸ್ತ್ರ ಬಿಚ್ಚಿಸಿ ಕಳಿಸಿದರು. ಮೊದಲ ಆದೇಶದಲ್ಲಿ ಇವರಿಗೆ ಸರ್ಕಾರದ ಸಿವಿಲ್ ಕೆಲಸವನ್ನೂ ಮುಚ್ಚಲಾಗಿತ್ತು. ಅಷ್ಟು ಅಧಿಕಾರ ತಮಗಿಲ್ಲ ಅಂತ ಗೊತ್ತಾದಾಗ, ಜನವರಿಯಲ್ಲಿ ಆ ಒಂದು ಸಾಲನ್ನು ರೂಸ್ವೆಲ್ಟ್ ಹಿಂದಕ್ಕೆ ಪಡೆದರು.

ಇದೇ ಹೊತ್ತಿಗೆ ಪೆನ್‌ರೋಸ್ ಮತ್ತು ಮ್ಯಾಕ್ಲಿನ್ ಮೇಲೂ ಕರ್ತವ್ಯದಲ್ಲಿ ಲೋಪ ಅಂತ ಕ್ರಮವಾಯಿತು. ಅವರು ಬಿಳಿಯ ಅಧಿಕಾರಿಗಳು. ಅವರಿಗೆ ಕೋರ್ಟ್ ಮಾರ್ಷಲ್ ನಡೆಯಿತು. ಸಾಕ್ಷಿಗಳನ್ನು ಪ್ರಶ್ನಿಸಿದರು, ವಾದ ಮಂಡಿಸಿದರು, ಇಬ್ಬರೂ ನಿರಪರಾಧಿಗಳಾಗಿ ಹೊರಬಂದರು. ಒಂದೇ ಠಾಣೆ, ಒಂದೇ ರಾತ್ರಿ.

ಒಬ್ಬ ಸೆನೆಟರ್, ಒಬ್ಬ ಪತ್ತೇದಾರ

ಓಹಿಯೋದ ಸೆನೆಟರ್ ಜೋಸೆಫ್ ಫೋರೇಕರ್ ಶುರುವಿನಲ್ಲಿ ಈ ವಿಷಯದ ಬಗ್ಗೆ ತಲೆ ಕೆಡಿಸಿಕೊಂಡವರಲ್ಲ. ಕಾಗದಪತ್ರ ಓದುತ್ತಾ ಹೋದ ಹಾಗೆ ಅವರಿಗೆ ಇದು ಕೇಸೇ ಅಲ್ಲ ಅನಿಸಿತು. ಅವರು ರೂಸ್ವೆಲ್ಟ್ ಅವರದೇ ಪಕ್ಷದವರು, ಅಧ್ಯಕ್ಷರಾಗುವ ಆಸೆಯೂ ಇದ್ದವರು. ಹಾಗಾಗಿ ಇದರಲ್ಲಿ ರಾಜಕೀಯವೇ ಇರಲಿಲ್ಲ ಅಂತ ನಾನು ಹೇಳಲಾರೆ. ಆದರೆ ಜಗಲಿಯ ಪೆಟ್ಟಿಗೆ, ಬೀಗದೊಳಗಿನ ಬಂದೂಕು ಇವೆಲ್ಲವನ್ನೂ ಎಳೆದು ತಂದು ದಾಖಲೆಗೆ ಸೇರಿಸಿದವರು ಅವರೇ. 1907ರ ಜನವರಿಯಲ್ಲಿ ವಾಷಿಂಗ್ಟನ್‌ನ ಒಂದು ಔತಣದಲ್ಲಿ ಅಧ್ಯಕ್ಷರೂ ಸೆನೆಟರೂ ಊಟದ ಮಧ್ಯೆಯೇ ಜಗಳಕ್ಕೆ ನಿಂತರು. ಇವರು ಕಪ್ಪು ಜನ ಅಂತ ದಯೆ ಕೇಳುತ್ತಿಲ್ಲ, ಮನುಷ್ಯರು ಅಂತ ನ್ಯಾಯ ಕೇಳುತ್ತಿದ್ದಾರೆ ಅಂತ ಫೋರೇಕರ್ ಮುಂದೆ ಸೆನೆಟ್‌ನಲ್ಲಿ ವಾದಿಸಿದರು.

ಸೆನೆಟ್ ಸಮಿತಿ ಒಂದು ವರ್ಷಕ್ಕೂ ಹೆಚ್ಚು ಕಾಲ ವಿಚಾರಣೆ ನಡೆಸಿತು. ಸಾವಿರಾರು ಪುಟ. 1908ರ ಮಾರ್ಚ್‌ನಲ್ಲಿ ಬಹುಮತದವರು ಅಧ್ಯಕ್ಷರ ಪರ ಬರೆದರು.

ಆದರೂ ರೂಸ್ವೆಲ್ಟ್‌ಗೆ ಸಮಾಧಾನವಿಲ್ಲ. ಒಬ್ಬನಾದರೂ ಒಪ್ಪಿಕೊಳ್ಳಬೇಕಲ್ಲ. ಸರ್ಕಾರದ ದುಡ್ಡಿನಲ್ಲಿ ಖಾಸಗಿ ಪತ್ತೇದಾರರನ್ನು ಇಟ್ಟು, ಊರೂರು ಸೇರಿದ್ದ ಮಾಜಿ ಸೈನಿಕರ ಹಿಂದೆ ಬಿಟ್ಟರು. ಜಾರ್ಜಿಯಾದಲ್ಲಿ ಬಾಯ್ಡ್ ಕಾನ್ಯರ್ಸ್ ಅನ್ನುವವನು ತಪ್ಪೊಪ್ಪಿಕೊಂಡಿದ್ದಾನೆ ಅಂತ ವರದಿ ಬಂತು. 1908ರ ಡಿಸೆಂಬರ್‌ನಲ್ಲಿ ರೂಸ್ವೆಲ್ಟ್ ಅದನ್ನು ಸೆನೆಟ್‌ಗೆ ಕಳಿಸಿದರು. ಕಾನ್ಯರ್ಸ್‌ನನ್ನು ಕೇಳಿದರೆ, ನಾನು ಹಾಗೆ ಹೇಳಿಯೇ ಇಲ್ಲ ಅಂದ. ಒಬ್ಬ ಬಡ ಸಿಪಾಯಿಯ ಬಾಯಿಂದ ಒಂದು ಹೂಂ ಹೊರಡಿಸಲು ಒಂದು ದೇಶದ ಸರ್ಕಾರ ಇಷ್ಟು ಬೆವರು ಸುರಿಸಿದ್ದು ನೋಡಿದರೆ, ಅವರಿಗೇ ತಮ್ಮ ಆದೇಶದ ಮೇಲೆ ಎಷ್ಟು ನಂಬಿಕೆಯಿತ್ತು ಅಂತ ಅನುಮಾನ ಬರುತ್ತದೆ. ಮುಂದೆ 1913ರಲ್ಲಿ ತಮ್ಮ ಆತ್ಮಕಥೆ ಬರೆದಾಗ ರೂಸ್ವೆಲ್ಟ್ ಬ್ರೌನ್ಸ್‌ವಿಲ್‌ನ ಸುದ್ದಿಯನ್ನೇ ಎತ್ತಲಿಲ್ಲ.

ಫೋರೇಕರ್ ಹಿಡಿದ ಹಟಕ್ಕೆ ಒಂದು ಸಣ್ಣ ಫಲ ಸಿಕ್ಕಿತು. ನಿವೃತ್ತ ಸೇನಾಧಿಕಾರಿಗಳ ಒಂದು ವಿಚಾರಣಾ ಮಂಡಳಿ ಕೂತು, 1910ರಲ್ಲಿ ಹದಿನಾಲ್ಕು ಮಂದಿ ಮತ್ತೆ ಸೇನೆಗೆ ಸೇರಬಹುದು ಅಂತ ಹೇಳಿತು. ಆ ಹದಿನಾಲ್ಕೇ ಯಾಕೆ, ಉಳಿದ 153 ಯಾಕಿಲ್ಲ? ಕಾರಣ ಬರೆಯಲಿಲ್ಲ. ಮಿಂಗೊ ಸ್ಯಾಂಡರ್ಸ್ ಆ ಪಟ್ಟಿಯಲ್ಲಿ ಇರಲಿಲ್ಲ. ಫೋರೇಕರ್ ಅಷ್ಟರಲ್ಲಿ ಸೆನೆಟ್ ಸ್ಥಾನ ಕಳೆದುಕೊಂಡಿದ್ದರು. ಅದಕ್ಕೆ ತೈಲ ಕಂಪನಿಯ ಹಣದ ಹಗರಣವೂ ಕಾರಣ.

ಆಮೇಲೆ ಅರವತ್ತು ವರ್ಷ ಮೌನ.

1972

ಕಡತ ಮತ್ತೆ ತೆರೆದದ್ದು ಸೇನೆ ತಾನಾಗಿ ಅಲ್ಲ. 1970ರಲ್ಲಿ ಜಾನ್ ವೀವರ್ ಅನ್ನುವ ಲೇಖಕ ಹಳೆಯ ದಾಖಲೆಗಳನ್ನೆಲ್ಲ ಕೆದಕಿ ಒಂದು ಪುಸ್ತಕ ಬರೆದರು. ಅದನ್ನು ಓದಿದ ಕ್ಯಾಲಿಫೋರ್ನಿಯಾದ ಕಪ್ಪು ಸಂಸದ ಆಗಸ್ಟಸ್ ಹಾಕಿನ್ಸ್ 1971ರಲ್ಲಿ ಮಸೂದೆ ತಂದರು. ಸೇನೆಯೊಳಗೆ ಲೆಫ್ಟಿನೆಂಟ್ ಕರ್ನಲ್ ವಿಲಿಯಂ ಬೇಕರ್ ಅನ್ನುವ ಕಪ್ಪು ಅಧಿಕಾರಿ ಕಡತ ಹಿಡಿದು ಕೂತರು. 1972ರ ಸೆಪ್ಟೆಂಬರ್ 28ರಂದು ಸೇನಾ ಕಾರ್ಯದರ್ಶಿ ರಾಬರ್ಟ್ ಫ್ರೋಲ್ಕಿ 167 ಮಂದಿಯ ದಾಖಲೆಯನ್ನೂ ‘ಗೌರವದಿಂದ ಬಿಡುಗಡೆ’ ಅಂತ ತಿದ್ದಿಸಿದರು.

ಇಲ್ಲೊಂದು ಸೂಕ್ಷ್ಮವಿದೆ. ಇವರು ಗುಂಡು ಹಾರಿಸಲಿಲ್ಲ ಅಂತ ಸೇನೆ ಹೇಳಲಿಲ್ಲ. ಎಲ್ಲರಿಗೂ ಒಟ್ಟಿಗೆ ಶಿಕ್ಷೆ ಕೊಡುವುದು ಸೇನೆಯ ನೀತಿಗೆ ವಿರುದ್ಧ, ಇವರಿಗೆ ದೊಡ್ಡ ಅನ್ಯಾಯವಾಗಿದೆ ಅಂತ ಹೇಳಿತು. ನನ್ನ ಪ್ರಕಾರ ಇದು ಸರಿಯಾದ ತಿದ್ದುಪಡಿಯೇ. ತಪ್ಪು ಸಾಬೀತು ಮಾಡುವ ಭಾರ ಸರ್ಕಾರದ್ದು, ಅದು ಮಾಡಲಿಲ್ಲ, ಅಲ್ಲಿಗೆ ಮುಗಿಯಿತು. ಆದರೆ ಆದೇಶದಲ್ಲಿ ಇನ್ನೊಂದು ಮಾತೂ ಇತ್ತು: ಹಿಂಬಾಕಿ ಸಂಬಳವಾಗಲಿ, ಪಿಂಚಣಿಯಾಗಲಿ ಕೊಡುವುದಿಲ್ಲ. ಬರೀ ಕಾಗದ.

1910ರ ಪಟ್ಟಿಯಿಂದ ಹೊರಗುಳಿದ ಆ 153 ಮಂದಿಯಲ್ಲಿ ಕಾಗದ ಕೊಡಲು ಜೀವಂತ ಸಿಕ್ಕಿದ್ದು ಒಬ್ಬರೇ. ಮಿನಿಯಾಪೊಲಿಸ್‌ನ ಡಾರ್ಸಿ ವಿಲ್ಲಿಸ್. ಗುಂಡಿನ ಸದ್ದು ಕೇಳಿದ ರಾತ್ರಿ ಅವರಿಗೆ ಇಪ್ಪತ್ತು ವರ್ಷ. ಸೇನೆಯಿಂದ ಹೊರಬಿದ್ದ ಮೇಲೆ ಆ ಊರಿಗೆ ಬಂದು, ಬ್ಯಾಂಕ್ ಕಟ್ಟಡವೊಂದರಲ್ಲಿದ್ದ ಕ್ಷೌರದಂಗಡಿಯಲ್ಲಿ ನೆಲ ಗುಡಿಸುತ್ತಾ, ಗಿರಾಕಿಗಳ ಬೂಟು ಉಜ್ಜುತ್ತಾ 59 ವರ್ಷ ಕಳೆದರು. ಆ ಕಾಗದ ತನ್ನನ್ನು ಮೇಲೆ ಬರಲು ಬಿಡಲಿಲ್ಲ, ಉಳಿದವರಿಗೆ ಅದು ಏನು ಮಾಡಿತೋ ದೇವರಿಗೇ ಗೊತ್ತು ಅಂತ ಅವರು ಹೇಳಿಕೊಂಡರು. ನಾವು ಯಾರೂ ಏನೂ ಹೇಳಲಿಲ್ಲ, ಯಾಕೆಂದರೆ ಹೇಳಲು ನಮ್ಮ ಹತ್ತಿರ ಏನೂ ಇರಲಿಲ್ಲ ಅನ್ನುವುದು ಅವರ ಮಾತು. 1906ರಲ್ಲಿ ಗಾರ್ಲಿಂಗ್‌ಟನ್ ಮುಂದೆ ಹೇಳಿದ್ದೂ ಅದೇ ಅಲ್ವಾ.

1973ರ ಫೆಬ್ರವರಿ 11, ಅವರ 87ನೇ ಹುಟ್ಟುಹಬ್ಬ. ಮಿನಿಯಾಪೊಲಿಸ್‌ನ ಜಯನ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಸೇನೆಯ ಒಬ್ಬ ಮೇಜರ್ ಜನರಲ್ ಬಂದು ಹೊಸ ಕಾಗದವನ್ನು ಅವರ ಕೈಗೆ ಕೊಟ್ಟರು. ಹಣ ಬರಲು ಇನ್ನೊಂದು ಕಾನೂನು ಬೇಕಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು: ಬದುಕಿರುವವರಿಗೆ 25,000 ಡಾಲರ್, ಮರುಮದುವೆಯಾಗದ ವಿಧವೆಯರಿಗೆ 10,000. 1974ರ ಜನವರಿಯಲ್ಲಿ ವಿಲ್ಲಿಸ್ ಕೈಗೆ ಚೆಕ್ ಬಂತು. ಅಷ್ಟೂ ವರ್ಷಕ್ಕೆ ಭಾಗಿಸಿದರೆ ದಿನಕ್ಕೆ ಒಂದು ಡಾಲರ್ ಮೇಲೆ ಚಿಲ್ಲರೆ.

1977ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಮಣ್ಣು ಮಾಡಿದ್ದು ಫೋರ್ಟ್ ಸ್ನೆಲಿಂಗ್‌ನ ಸೈನಿಕರ ಸ್ಮಶಾನದಲ್ಲಿ.